ರೋಗಿಯ ಹೆಸರಿನ ಎರಡಕ್ಷರ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಚಾಲುಕ್ಯರ ಕಾಲದ ದೇವಾಲಯವಿರುವದನ್ನು ವಾಚಕರು ಬಲ್ಲರು. ಆ ಕಾಲದ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರುಗಳು ಉಳಿದವು. ವೈದ್ಯಶಾಸ್ತ್ರದ ಒಂದು ಕವಲಿನಲ್ಲಾದರೋ ನೋವುಂಡವರ ಹೆಸರಿನ ಅಕ್ಷರಗಳೇ ಉಳಿದಿರುವವು.

ಕುಳಿತಲ್ಲಿಂದೇಳಲು ನೆಲಕ್ಕೆ ಕೈಯೂರಬೇಕು, ಕೊಡವನ್ನು ಎತ್ತಲಾಗದು, ತಲೆ ಬಾಚಲು ತೋಳು ಮೇಲೇಳದು. ಇದನ್ನು ವಾಯುವೆಂದೋ ನಿಶ್ಶಕ್ತಿಯೆಂದೋ ಎಣಿಸಿ ತಿಂಗಳುಗಟ್ಟಲೆ ಕಳೆಯುವದುಂಟು. ಆದರೆ ಇವು ಸ್ನಾಯುಗಳ ಉರಿಯೂತದ ಲಕ್ಷಣಗಳೂ ಆಗಿರಬಹುದು. ಜರ್ಮನಿಯ ವ್ಯಾಗ್ನರನು 1863ರಲ್ಲಿ ಇಂಥ ರೋಗವನ್ನು ವರ್ಣಿಸಿದನು. ಚರ್ಮವೂ ಕೆಡುವ ಬಗೆಗೆ ಉನ್ವೆರಿಕ್ಟನು 1891ರಲ್ಲಿ ಡರ್ಮಟೋಮಯೋಸೈಟಿಸ್ ಎಂದು ಹೆಸರಿಟ್ಟನು. 1975ರಲ್ಲಿ ಬೋಹನ್ ಮತ್ತು ಪೀಟರ್ ಎಂಬವರು ರೋಗನಿರ್ಣಯಕ್ಕೆ ಹಾಕಿಕೊಟ್ಟ ಗುರುತುಗಳಲ್ಲಿಯೂ ಸ್ವಪ್ರತಿಕಾಯಗಳ ಮಾತಿರಲಿಲ್ಲ.

ಪ್ರತಿಕಾಯವೆಂದರೆ ರೋಗಾಣುವನ್ನು ಹಿಡಿಯಲು ಶರೀರವು ನಿರ್ಮಿಸುವ ಕಾವಲುಗಾರ. ಮನೆಯವರನ್ನೇ ಹಿಡಿಯುವ ಕಾವಲುಗಾರನು ಸ್ವಪ್ರತಿಕಾಯ. 1976ರಲ್ಲಿ ಮಿ-2 ಎಂಬುದೂ, 1980ರಲ್ಲಿ ನಿಷಿಕಾಯಿ ಮತ್ತು ರೈಖ್ಲಿನ್ ಅವರಿಂದ ಜೊ-1 ಎಂಬುದೂ ಬೆಳಕಿಗೆ ಬಂದವು. ಮಿ, ಜೊ ಎಂಬವು ಯಾರ ರಕ್ತದಲ್ಲಿ ಅವು ಮೊದಲು ದೊರೆತವೋ ಆ ರೋಗಿಗಳ ಹೆಸರಿನಿಂದ ಆಯ್ದ ಅಕ್ಷರಗಳು. ಜೊ-1 ಹಿಡಿಯುವದು ಪ್ರೋಟೀನು ಕಟ್ಟುವ ಕೆಲಸದಲ್ಲಿ ತೊಡಗಿದ ಒಂದು ಕಿಣ್ವವನ್ನೆಂದು 1983ರಲ್ಲಿ ತಿಳಿಯಿತು.

ಇದು ಬರಿಯ ಪಂಡಿತರ ಕುತೂಹಲವಲ್ಲ. ಜೊ-1 ಇದ್ದವರಲ್ಲಿ ವೈದ್ಯನು ಶ್ವಾಸಕೋಶವನ್ನೂ ನೋಡಬೇಕಾಗುವದು. 2005ರಲ್ಲಿ ಜಪಾನದಲ್ಲಿ ಕಂಡುಬಂದ, ಈಗ ಎಂಡಿಎ-5 ಎನ್ನಲಾಗುವ ಪ್ರತಿಕಾಯವಿದ್ದರೆ ಸ್ನಾಯುಗಳು ಗಟ್ಟಿಯಾಗಿಯೇ ಇದ್ದು, ಶ್ವಾಸಕೋಶವು ಕೆಲವೇ ವಾರಗಳಲ್ಲಿ ಕೆಡಬಹುದು. ಟಿಐಎಫ್-1 ಗ್ಯಾಮಾ ಪ್ರೌಢರಲ್ಲಿ ಸಿಕ್ಕಿದರೆ ಅಡಗಿರುವ ಅರ್ಬುದವನ್ನು ಹುಡುಕುವರು. ಮಿ-2 ಇದ್ದವರು ಸಾಮಾನ್ಯವಾಗಿ ಔಷಧಕ್ಕೆ ಚೆನ್ನಾಗಿ ಬಗ್ಗುವರು.

ಮೊದಲು ಈ ಪರೀಕ್ಷೆಯು ಕೆಲವೇ ಪ್ರಯೋಗಶಾಲೆಗಳ ಸೊತ್ತಾಗಿದ್ದಿತು. ಈಗ ಹಲವು ಪ್ರೋಟೀನುಗಳನ್ನು ಗೆರೆಗೆರೆಯಾಗಿ ಹಚ್ಚಿದ ಪಟ್ಟಿಯನ್ನು ರಕ್ತದ ತಿಳಿಯಲ್ಲಿ ನೆನೆಯಿಸುವರು. ಪ್ರತಿಕಾಯವು ಅಂಟಿದಲ್ಲಿ, ಮುಂದಿನ ಕ್ರಮಗಳಾದ ಮೇಲೆ, ಬಣ್ಣವೇಳುವದು. ಇಷ್ಟು ಸುಲಭವಾದುದರಿಂದಲೇ ಮೋಸವೂ ಹೆಚ್ಚು. ನಸುಬಣ್ಣದ ಗೆರೆಯು ರೋಗವಿಲ್ಲದವರಲ್ಲಿಯೂ ಮೂಡುವದು. ಗೆರೆಯೇ ಇಲ್ಲದವರಲ್ಲಿಯೂ ರೋಗವಿರುವದು. ರೋಗಿಯ ಮೈಮುಟ್ಟಿ ನೋಡದೆ ಚೀಟಿಯನ್ನಷ್ಟೇ ಓದಿ ಔಷಧ ಬರೆಯುವದು ನನಗೆ ಸರಿತೋರದು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗಳಲ್ಲಿ ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯು ಇನ್ನೂ ಬೇಕಾಗಿರುವದು ಇದಕ್ಕಾಗಿಯೇ. ಹಾವೇರಿಯಿಂದ ರಕ್ತದ ನಳಿಕೆಯು ದೂರದ ಪ್ರಯೋಗಶಾಲೆಗೆ ಹೋದೀತು. ರೋಗಿಯನ್ನು ಕಣ್ಣಾರೆ ಕಾಣಬೇಕಾದ ತಜ್ಞನ ಬಳಿಗೆ ರೋಗಿಯೇ ಹೋಗಬೇಕು.

ಈಚೆಗೆ ದೊರೆತ ಪ್ರತಿಕಾಯಗಳಿಗೆ ಹೆಚ್ಚಾಗಿ ಅವು ಹಿಡಿಯುವ ಪ್ರೋಟೀನುಗಳ ಹೆಸರನ್ನೇ ಇಡುವರು. ಪಟ್ಟಿಯ ಮೇಲೆ ಜೊ, ಮಿ ಮಾತ್ರ ಹಾಗೆಯೇ ಉಳಿದಿವೆ.