ಒಣದ್ರಾಕ್ಷಿ ಸಂಸ್ಕರಣೆಯ ಮೂಲಕ ಸ್ಥಳೀಯ ಉದ್ಯೋಗ: ತಿಕೋಟಾ ಮತ್ತು ಬಬಲೇಶ್ವರ ಭಾಗದ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ವಿಜಯಪುರ ಜಿಲ್ಲೆಯು ರಾಜ್ಯದ ಪ್ರಮುಖ ದ್ರಾಕ್ಷಿ ಪ್ರದೇಶವಾಗಿದೆ. ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಒಣ ಹವೆ ಮತ್ತು ಬೇಸಿಗೆಯ ಕಡಿಮೆ ಆರ್ದ್ರತೆ ಒಣದ್ರಾಕ್ಷಿ ತಯಾರಿಕೆಗೆ ಅತ್ಯಂತ ಅನುಕೂಲಕರವಾಗಿವೆ. ಆದರೂ ಜೈನಾಪುರ ಮತ್ತು ಸುತ್ತಲಿನ ಭಾಗದ ಹಳ್ಳಿ, ತಾಂಡಾಗಳ ಭೂಹೀನ ಕುಟುಂಬಗಳಿಗೆ ಗುಳೆ ಇನ್ನೂ ತಪ್ಪಿಲ್ಲ. ದಸರಾ ಸಮೀಪಿಸುತ್ತಿದ್ದಂತೆ ಕಬ್ಬು ಕಟಾವಿನ ಗುತ್ತಿಗೆದಾರರಿಂದ ಮುಂಗಡ ಪಡೆದು ಊರು ಬಿಡುವ ಕುಟುಂಬಗಳ ಮಕ್ಕಳ ಶಿಕ್ಷಣವೂ ಅರ್ಧಕ್ಕೆ ನಿಲ್ಲುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ದ್ರಾಕ್ಷಿ ತೋಟಗಳಿಗೆ ಹೆಚ್ಚು ಆಳುಗಳು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಊರಿನಲ್ಲಿ ಕೆಲಸವಿದೆ, ಆದರೆ ಅದು ಬಿಡಿಬಿಡಿಯಾಗಿದೆ ಮತ್ತು ಮುಂಚಿತವಾಗಿ ಖಾತ್ರಿಯಾಗಿಲ್ಲ. ಈ ಕೆಲಸಗಳನ್ನು ಒಂದು ವಾರ್ಷಿಕ ವೇಳಾಪಟ್ಟಿಗೆ ತಂದು, ಒಣದ್ರಾಕ್ಷಿಯ ವರ್ಗೀಕರಣವನ್ನು ಹಳ್ಳಿಯಲ್ಲೇ ಉಳಿಸಿಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ವರ್ಷದಲ್ಲಿ ಲಭ್ಯವಿರುವ ಕೆಲಸಗಳು

• ಏಪ್ರಿಲ್–ಮೇ: ಬೇಸಿಗೆ ಚಾಟ್ನಿ, ಚಿಗುರು ತೆಗೆಯುವುದು, ಬಳ್ಳಿ ಕಟ್ಟುವುದು.
• ಜೂನ್–ನವೆಂಬರ್: ಶೀತಲಗೃಹದಲ್ಲಿರುವ ಒಣದ್ರಾಕ್ಷಿಯನ್ನು ಹಂತಹಂತವಾಗಿ ತಂದು ಸ್ವಚ್ಛಗೊಳಿಸುವುದು, ವರ್ಗೀಕರಣ ಮತ್ತು ಪ್ಯಾಕಿಂಗ್.
• ಆಗಸ್ಟ್–ಸೆಪ್ಟೆಂಬರ್: ಡಾಗ್‌ರಿಜ್ ಬೇರುಸಸಿಗಳಿಗೆ ಕಸಿ ಕಟ್ಟುವುದು. ಇದು ಕೌಶಲದ ಕೆಲಸವಾದ್ದರಿಂದ ತರಬೇತಿ ಪಡೆದ ಯುವಕ ಯುವತಿಯರು ಹೆಚ್ಚಿನ ಆದಾಯ ಗಳಿಸಬಹುದು.
• ಸೆಪ್ಟೆಂಬರ್ ಕೊನೆ–ಅಕ್ಟೋಬರ್: ಹಣ್ಣಿನ ಚಾಟ್ನಿ. ಅನಂತರ ಚಿಗುರು ಹಾಗೂ ಗೊಂಚಲುಗಳ ನಿರ್ವಹಣೆ.
• ಫೆಬ್ರುವರಿ–ಏಪ್ರಿಲ್: ಕಟಾವು, ಅದ್ದುವಿಕೆ, ಶೆಡ್‌ಗಳಲ್ಲಿ ಒಣಗಿಸುವಿಕೆ.

ಇವುಗಳಲ್ಲಿ ಜೂನ್–ನವೆಂಬರ್ ಅವಧಿಯ ಕೆಲಸವೇ ಹಳ್ಳಿಗಳ ಕೈತಪ್ಪುವುದು ಹೆಚ್ಚು. ಒಣಗಿದ ಮಾಲು ವರ್ಗೀಕರಣವಾಗದೆ ಸಾಂಗಲಿ, ತಾಸಗಾಂವ ಮಾರುಕಟ್ಟೆಗಳಿಗೆ ಸಾಗಿದಾಗ ಅದರೊಂದಿಗೆ ಆ ಕೂಲಿಯೂ ಸಾಗಿಹೋಗುತ್ತದೆ.

ಗುಣಮಟ್ಟವೇ ಉದ್ಯೋಗಕ್ಕೆ ಆಧಾರ

ವರ್ಗೀಕರಣದಿಂದ ಲಾಭ ಬರಬೇಕಾದರೆ ಮಾಲು ಮೊದಲೇ ಉತ್ತಮವಾಗಿರಬೇಕು. ಹಣ್ಣಿನ ಸಕ್ಕರೆ ಅಂಶ 22–24 ಡಿಗ್ರಿ ಬ್ರಿಕ್ಸ್ ತಲುಪಿದ ಮೇಲೆ ಕಟಾವು ಮಾಡಬೇಕು. ಪ್ರತಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್ ಹಾಗೂ 15 ಮಿ.ಲೀ. ಈಥೈಲ್ ಓಲಿಯೇಟ್ (ಡಿಪ್ಪಿಂಗ್ ಆಯಿಲ್) ಬೆರೆಸಿದ ದ್ರಾವಣದಲ್ಲಿ ಗೊಂಚಲುಗಳನ್ನು 2–4 ನಿಮಿಷ ಅದ್ದಿ, ಶೆಡ್‌ನ ಜಾಲರಿಗಳ ಮೇಲೆ ತೆಳುವಾಗಿ ಹರಡಬೇಕು. ನೆರಳಿನಲ್ಲಿ 15–22 ದಿನಗಳಲ್ಲಿ ತೇವಾಂಶ ಶೇ. 15–16ಕ್ಕೆ ಇಳಿಯುತ್ತದೆ. ಸುಮಾರು 4 ಕಿ.ಗ್ರಾಂ ಹಸಿ ಹಣ್ಣಿನಿಂದ 1 ಕಿ.ಗ್ರಾಂ ಒಣದ್ರಾಕ್ಷಿ ದೊರೆಯುತ್ತದೆ.

ಗಂಧಕದ ಹೊಗೆ ಕೊಡುವ ಪದ್ಧತಿ ಇದ್ದಲ್ಲಿ, ಹೊಗೆ ಪೂರ್ಣವಾಗಿ ಹೊರಹೋಗುವವರೆಗೆ ಕೆಲಸಗಾರರನ್ನು ಒಳಗೆ ಬಿಡಬಾರದು. ಮುಖಗವಸು ಮತ್ತು ಕೈಗವಸು ಒದಗಿಸುವುದು ಘಟಕದ ಜವಾಬ್ದಾರಿ.

ಲೆಕ್ಕಾಚಾರದ ಮಾದರಿ

ಹತ್ತು ರೈತರು ತಲಾ ಒಂದು ಎಕರೆಯ ಹಣ್ಣನ್ನು ಒಣಗಿಸಿ ಒಟ್ಟುಗೂಡಿಸಿದರೆಂದು ಭಾವಿಸೋಣ. ಎಕರೆಗೆ 10 ಟನ್ ಹಸಿ ಹಣ್ಣು ಎಂದು ಹಿಡಿದರೆ, 100 ಟನ್ ಹಣ್ಣಿನಿಂದ 25 ಟನ್ ಒಣದ್ರಾಕ್ಷಿ ಸಿಗುತ್ತದೆ. ಒಬ್ಬರು ದಿನಕ್ಕೆ 50 ಕಿ.ಗ್ರಾಂ ಸ್ವಚ್ಛಗೊಳಿಸಿ ವರ್ಗೀಕರಿಸಿದರೆ 500 ಮಾನವ ದಿನಗಳ ಕೆಲಸವಾಗುತ್ತದೆ. ಅಂದರೆ ಹತ್ತು ಮಹಿಳೆಯರಿಗೆ ತಲಾ 50 ದಿನ. ದಿನಗೂಲಿ 400 ರೂಪಾಯಿ ಎಂದಾದರೆ ಕಿಲೋಗೆ ತಗಲುವ ಕೂಲಿ 8 ರೂಪಾಯಿ.

ಇವು ಕೇವಲ ಉದಾಹರಣೆಗಾಗಿ ಹಿಡಿದ ಅಂಕಿಗಳು. ಪ್ರತಿ ಗುಂಪು ಮೊದಲು ಒಂದು ಕ್ವಿಂಟಲ್ ಮಾಲನ್ನು ವರ್ಗೀಕರಿಸಿ, ತಗುಲಿದ ಸಮಯ, ತೆಗೆದುಹಾಕಿದ ಕಡ್ಡಿ ಹಾಗೂ ಕಪ್ಪು ಕಾಳಿನ ತೂಕ, ಪ್ರತಿ ದರ್ಜೆಗೆ ದೊರೆಯುವ ಬೆಲೆ ಇವನ್ನು ಬರೆದಿಡಬೇಕು. ಬೆಲೆಯಲ್ಲಿನ ಹೆಚ್ಚಳವು ಕೂಲಿ, ತೂಕ ನಷ್ಟ, ಶೀತಲಗೃಹದ ಬಾಡಿಗೆ ಹಾಗೂ ಸಾಲದ ಬಡ್ಡಿ ಇವುಗಳ ಮೊತ್ತವನ್ನು ಮೀರಿದರೆ ಮಾತ್ರ ಮುಂದುವರಿಯುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು

1. ಕೆಲಸದ ಪಟ್ಟಿ: ಜುಲೈ–ಆಗಸ್ಟ್‌ನಲ್ಲೇ ಬೆಳೆಗಾರರು ಮತ್ತು ಕೂಲಿ ಕುಟುಂಬಗಳು ಸಭೆ ಸೇರಿ, ಮುಂದಿನ ಹಂಗಾಮಿನ ಕೆಲಸದ ದಿನಗಳು, ಕೂಲಿ ದರ ಹಾಗೂ ಪಾವತಿಯ ದಿನವನ್ನು ಲಿಖಿತವಾಗಿ ನಿಗದಿಪಡಿಸಬೇಕು. ಸಮಾನ ಕೆಲಸಕ್ಕೆ ಮಹಿಳೆಯರಿಗೂ ಪುರುಷರಿಗೂ ಸಮಾನ ಕೂಲಿ ಇರಬೇಕು.

2. ಮುಂಗಡಕ್ಕೆ ಪರ್ಯಾಯ: ಕುಟುಂಬಗಳು ಗುಳೆ ಹೋಗುವುದು ಹಲವು ಬಾರಿ ಕೂಲಿಯ ಆಸೆಯಿಂದಲ್ಲ, ಮಳೆಗಾಲದ ಕೊನೆಗೆ ಬೇಕಾಗುವ ನಗದು ಹಣಕ್ಕಾಗಿ. ದಸರಾಕ್ಕೆ ಮೊದಲೇ ಸ್ವಸಹಾಯ ಸಂಘದ ಆಂತರಿಕ ಸಾಲ ದೊರೆಯುವಂತೆ ಮಾಡಬೇಕು. ಈ ಹಂತ ತಪ್ಪಿದರೆ ಉಳಿದ ಕ್ರಮಗಳು ಭೂಹೀನರನ್ನು ತಲುಪುವುದಿಲ್ಲ.

3. ಸಂಗ್ರಹಣೆ: ಒಣದ್ರಾಕ್ಷಿಯನ್ನು ಪೆಟ್ಟಿಗೆಗಳಲ್ಲಿ ತುಂಬಿ ಸುಮಾರು 4–5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಹೊರತಂದ ಪೆಟ್ಟಿಗೆಗಳನ್ನು ಕೂಡಲೇ ತೆರೆಯಬಾರದು. ಕೋಣೆಯ ಉಷ್ಣತೆಗೆ ಬಂದ ಬಳಿಕ ತೆರೆದರೆ ಹಣ್ಣಿನ ಮೇಲೆ ನೀರಿನ ಪಸೆ ಕೂಡುವುದಿಲ್ಲ.

4. ಸಣ್ಣದಾಗಿ ಆರಂಭ: ಮೊದಲ ವರ್ಷ ಯಂತ್ರಕ್ಕಾಗಿ ಸಾಲ ಮಾಡುವುದು ಬೇಡ. ಸ್ವಚ್ಛವಾದ ಕೋಣೆ, ಮೇಜು, ಜರಡಿ ಹಾಗೂ ತೂಕದ ಯಂತ್ರ ಸಾಕು. ಬೆಳೆಗಾರರ ಮಾಲನ್ನು ಕಿಲೋ ದರದಲ್ಲಿ ವರ್ಗೀಕರಿಸಿ ಕೊಟ್ಟರೆ ಬೆಲೆ ಕುಸಿತದ ಹೊರೆ ಕೂಲಿ ಗುಂಪಿನ ಮೇಲೆ ಬೀಳುವುದಿಲ್ಲ.

5. ಮಾರಾಟ: ವಿಜಯಪುರ ಎಪಿಎಂಸಿಯಲ್ಲಿ ಒಣದ್ರಾಕ್ಷಿಯ ಆನ್‌ಲೈನ್ ಹರಾಜು ನಡೆಯುತ್ತದೆ. ಅಲ್ಲಿನ ದರವನ್ನು ಸಾಂಗಲಿ, ತಾಸಗಾಂವ ದರಗಳೊಂದಿಗೆ ಹೋಲಿಸಿ, ಸಾಗಾಣಿಕೆ ವೆಚ್ಚ ಕಳೆದು ನಿರ್ಧರಿಸಬೇಕು. ಸಣ್ಣ ಪೊಟ್ಟಣಗಳಲ್ಲಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ.

ಲಭ್ಯವಿರುವ ನೆರವು

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆ (ಪಿಎಂಎಫ್‌ಎಂಇ) 2020ರಲ್ಲಿ ಆರಂಭವಾಯಿತು. ಇದರಡಿ ವೈಯಕ್ತಿಕ ಘಟಕಗಳಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಾಲ ಸಂಪರ್ಕಿತ ಸಹಾಯಧನ ನಿಗದಿಯಾಗಿದ್ದು, ರಾಜ್ಯ ಸರ್ಕಾರವು ಹೆಚ್ಚುವರಿ ಸಹಾಯಧನವನ್ನೂ ಸೇರಿಸಿದೆ. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸ್ವಸಹಾಯ ಸಂಘದ ಪ್ರತಿ ಸದಸ್ಯರಿಗೆ 40,000 ರೂಪಾಯಿವರೆಗೆ ಮೂಲ ಬಂಡವಾಳಕ್ಕೂ ಇದರಲ್ಲಿ ಅವಕಾಶವಿದೆ. ಶೀತಲಗೃಹದಂತಹ ದೊಡ್ಡ ಹೂಡಿಕೆಗೆ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ವಾರ್ಷಿಕ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಅರ್ಜಿ ಸಲ್ಲಿಸುವ ಮೊದಲು ಯೋಜನೆಯ ಚಾಲ್ತಿ ಅವಧಿ ಮತ್ತು ನಿಯಮಗಳನ್ನು ಕೃಷಿ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಕಾರ್ಯಕ್ರಮದ ಯಶಸ್ಸನ್ನು ನೀಡಿದ ತರಬೇತಿಗಳ ಸಂಖ್ಯೆಯಿಂದ ಅಳೆಯದೆ, ದಸರಾ ನಂತರ ಊರಿನಲ್ಲೇ ಉಳಿದ ಕುಟುಂಬಗಳು ಹಾಗೂ ಪ್ರತಿ ಕುಟುಂಬಕ್ಕೆ ದೊರೆತ ಕೆಲಸದ ದಿನಗಳಿಂದ ಅಳೆಯುವುದು ಸೂಕ್ತ. ಇದಕ್ಕಾಗಿ ಹಾಜರಿ ಹಾಗೂ ಪಾವತಿ ಪುಸ್ತಕವನ್ನು ಮೊದಲ ದಿನದಿಂದಲೇ ಇರಿಸಬೇಕು. ಚಾಟ್ನಿ, ಕಸಿ ಕಟ್ಟುವಿಕೆ ಹಾಗೂ ಸಂಸ್ಕರಣೆಯ ತಾಂತ್ರಿಕ ಮಾಹಿತಿಗಾಗಿ ವಿಜಯಪುರದ ಹಿಟ್ಟಿನಹಳ್ಳಿ ಅಥವಾ ಇಂಡಿಯ ಕೃಷಿ ವಿಜ್ಞಾನ ಕೇಂದ್ರವನ್ನು ಹಾಗೂ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸಬಹುದು.