ಗುಳಿಗೆ ನುಂಗುವವರ ಪ್ರಶ್ನೆ

ಔಷಧಗಳ ಚರಿತ್ರೆ ಓದುವಾಗಲೆಲ್ಲ ನನಗೆ ಕಾಂಬೋಡಿಯದ ಪ್ರಸಂಗವೊಂದು ನೆನಪಾಗುತ್ತದೆ. ಆರೋಗ್ಯವಂತರು ಟೆನೊಫೋವಿರ್ ಗುಳಿಗೆ ನುಂಗುತ್ತಿದ್ದರೆ ಎಚ್.ಐ.ವಿ. ತಗಲದೆ ಇದ್ದೀತೇ ಎಂದು ಲೈಂಗಿಕ ವೃತ್ತಿಯ 960 ಹೆಂಗಸರಲ್ಲಿ ಪರೀಕ್ಷಿಸಲು ಅಲ್ಲಿ ಸಿದ್ಧತೆ ನಡೆದಿತ್ತು. ಗುಳಿಗೆಯಿಂದ ಮುಂದೆ ಕೇಡಾದರೆ ನೋಡಿಕೊಳ್ಳುವವರು ಯಾರೆಂದು ಅವರ ಸಂಘ ಕೇಳಿತು. ದೀರ್ಘಕಾಲದ ವಿಮೆ ಬೇಕೆಂದಿತು. ಒಪ್ಪಂದ ಕುದುರಲಿಲ್ಲ. 2004ರ ಆಗಸ್ಟ್‌ನಲ್ಲಿ ಪ್ರಧಾನಿ ಹುನ್ ಸೆನ್ ಪರೀಕ್ಷೆಯನ್ನೇ ನಿಲ್ಲಿಸಿದರು.

ಟೆನೊಫೋವಿರ್ ಸೇರಿದ ಗುಳಿಗೆ ಸೋಂಕನ್ನು ತಡೆಯಬಲ್ಲದೆಂದು 2010ರಲ್ಲಿ ಬೇರೆ ದೇಶಗಳ ಪರೀಕ್ಷೆಯಿಂದ ತಿಳಿಯಿತು. ಹಾಗಾದರೆ ಆ ಹೆಂಗಸರು ತಪ್ಪಿದರೆ? ನಾನು ಹಾಗೆನ್ನಲಾರೆ. ಫಲ ತಿಳಿಯದ್ದರಿಂದಲೇ ಅಲ್ಲವೆ, ಪರೀಕ್ಷೆ? ತಿಳಿಯದ ಅಪಾಯವನ್ನು ಮೈಮೇಲೆ ಹೊರುವವರು ಷರತ್ತು ಕೇಳುವುದು ನ್ಯಾಯ. ಇಂಥ ಪರೀಕ್ಷೆಗಳಲ್ಲಿ ಜನರೊಡನೆ ಮೊದಲಿನಿಂದಲೇ ಸಮಾಲೋಚಿಸಬೇಕೆಂಬ ಮಾರ್ಗಸೂತ್ರವನ್ನು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ಹೊರತಂದದ್ದು 2007ರಲ್ಲಿ. ಆ ಮಾತು ಮೂರು ವರ್ಷ ಮೊದಲೇ ನಡೆದಿದ್ದರೆ ಗುಳಿಗೆಯೂ ಉಳಿಯುತ್ತಿತ್ತು, ಹೆಂಗಸರ ಮಾನವೂ ಉಳಿಯುತ್ತಿತ್ತು.