ಮುಷ್ಟಿಯ ಲೆಕ್ಕ

ಬಲಗೈ ಮಣಿಕಟ್ಟು ಮುರಿದು, ಆರು ವಾರದ ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿಸ್ಟ್ ನನ್ನ ಕೈಗೊಂದು ಉಪಕರಣ ಕೊಟ್ಟು "ಹಿಂಡಿ ಸಾರ್" ಅಂದರು. ಎಡಗೈಲಿ 34 ಕೆಜಿ ಬಂತು. ಬಲಗೈಲಿ 11. "ಒಂದು ಹ್ಯಾಂಡ್ ಗ್ರಿಪ್ಪರ್ ತಗೊಳ್ಳಿ, ಹಗುರದ್ದು" ಅಂತ ಹೇಳಿ ಕಳಿಸಿದರು. ಅಂಗಡಿಯವನು ದಪ್ಪ ಸ್ಪ್ರಿಂಗಿನದೊಂದನ್ನು ಮುಂದಿಟ್ಟು, "ಇದು 60 ಕೆಜಿದು ಸಾರ್, ಗಂಡಸರು ಇದನ್ನೇ ತಗೊಳ್ಳೋದು" ಅಂದ. ತಗೊಂಡೆ. ಮೂರೇ ದಿನಕ್ಕೆ ಮಣಿಕಟ್ಟು ಊದಿಕೊಂಡಿತು.

ಕೈ ಕಟ್ಟಿಕೊಂಡು ಕೂತಾಗ, ಈ ಮುಷ್ಟಿಗೆ ಮೊದಲು ಅಂಕಿ ಹಚ್ಚಿದ್ದು ಯಾರಪ್ಪಾ ಅಂತ ಹುಡುಕಿದೆ. ಫ್ರಾನ್ಸಿನ ಎಡ್ಮೆ ರೆನ್ಯೆ ಅನ್ನೋ ಕುಶಲಕರ್ಮಿ ಸಿಕ್ಕ. ನಿಸರ್ಗ ವಿಜ್ಞಾನಿ ಬ್ಯೂಫಾನ್ ಕೇಳಿದ್ದಕ್ಕೆ ಅವನು ಬಲ ಅಳೆಯೋ ಒಂದು ಸಾಧನ ಮಾಡಿದ. ಅದರ ವಿವರ ಅಚ್ಚಾಗಿದ್ದು 1798ರಲ್ಲಿ. ಮೊಟ್ಟೆಯಾಕಾರದ ಉಕ್ಕಿನ ಸ್ಪ್ರಿಂಗು. ಎರಡೂ ಬದಿ ಹಿಡಿದು ಹಿಂಡಿದರೆ ಮುಳ್ಳು ಓಡುತ್ತೆ. ಅದೇ ಡೈನಮೊಮೀಟರ್.

1800ರಲ್ಲಿ ಬೋದಾನ್‌ನ ನೇತೃತ್ವದಲ್ಲಿ ಫ್ರೆಂಚರ ಹಡಗುಗಳು ಆಸ್ಟ್ರೇಲಿಯಾದ ಕಡೆ ಹೊರಟವು. ಅದರಲ್ಲಿದ್ದ ಪೆರಾನ್ ಅನ್ನೋ ಯುವಕ ಈ ಉಪಕರಣವನ್ನೂ ಒಯ್ದಿದ್ದ. ಟ್ಯಾಸ್ಮೇನಿಯಾ, ಆಸ್ಟ್ರೇಲಿಯಾ, ಟಿಮೋರ್‌ಗಳ ಜನರ ಕೈಯಲ್ಲಿ ಹಿಂಡಿಸಿದ. ಫ್ರೆಂಚರು, ಇಂಗ್ಲಿಷರ ಅಂಕಿ ಮೇಲೆ, ಮೂಲನಿವಾಸಿಗಳದ್ದು ಕೆಳಗೆ. ನಾಗರಿಕತೆ ಮನುಷ್ಯನನ್ನು ದುರ್ಬಲ ಮಾಡುತ್ತೆ ಅನ್ನೋ ವಾದ ಸುಳ್ಳು ಅಂತ ಸಾರಿದ. ಅಲ್ಲ ಸ್ವಾಮಿ, ಭಾಷೆ ಬಾರದವನ ಕೈಗೆ ಕಂಡರಿಯದ ಕಬ್ಬಿಣ ಕೊಟ್ಟು ಹಿಂಡು ಅಂತ ಸನ್ನೆ ಮಾಡಿದರೆ, ಅವನು ಪೂರ್ತಿ ಹಿಂಡಿದನೋ, ಈ ಬಿಳಿಯ ಹುಚ್ಚನ ಸಮಾಧಾನಕ್ಕೆ ಒಂಚೂರು ಅದುಮಿದನೋ, ಯಾರಿಗೆ ಗೊತ್ತು? ನನ್ನ ಅಂಗಡಿಯವನೂ ಪೆರಾನ್‌ನ ವಂಶದವನೇ ಅನ್ನಿಸಿತು. ಕೈ ನೋಡದೆ ಅಂಕಿ ಹೇಳೋರು.

ಇದಕ್ಕೆ ಎದುರು ದಾರಿ ಹಿಡಿದವನು ಯೂಜೀನ್ ಸ್ಯಾಂಡೋ. ನಮ್ಮ ಸ್ಯಾಂಡೋ ಬನಿಯನ್ನಿಗೆ ಹೆಸರು ಕೊಟ್ಟವನು ಇವನೇ. ಅವನ ಸ್ಪ್ರಿಂಗ್ ಡಂಬೆಲ್ ಉದ್ದಕ್ಕೆ ಸೀಳಿದ ಹಾಗಿತ್ತು, ಎರಡು ಹೋಳುಗಳ ನಡುವೆ ಸ್ಪ್ರಿಂಗುಗಳು. ಹೋಳುಗಳನ್ನು ಒತ್ತಿ ಹಿಡಿದೇ ವ್ಯಾಯಾಮ ಮಾಡಬೇಕು. ಗಮನ ಬೇರೆ ಕಡೆ ಹೋದರೆ ಮುಷ್ಟಿ ಸಡಿಲವಾಗಿ ಹೋಳುಗಳು ಬಿಟ್ಟುಕೊಳ್ತವೆ. ಸ್ಪ್ರಿಂಗು ಕಡಿಮೆ ಮಾಡಬಹುದು, ಹೆಚ್ಚಿಸಬಹುದು. ಇಲ್ಲಿ ಅಂಕಿ ಕೈಯ ಹಿಂದೆ ಹೋಗ್ತದೆ. ಆಸಾಮಿ ಪಕ್ಕಾ ವ್ಯಾಪಾರಿ, ಜಾಹೀರಾತಿನಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೂ ಈ ವಿಷಯದಲ್ಲಿ ಅವನಿಗೆ ನನ್ನ ಮಾರ್ಕು.

1954ರಲ್ಲಿ ಅಮೆರಿಕದ ವೈದ್ಯ ಬೆಕ್ಟೋಲ್ ವಿವರಿಸಿದ ಉಪಕರಣದಲ್ಲಿ ಹಿಡಿಯ ಅಂತರವನ್ನು ಐದು ಹಂತಗಳಲ್ಲಿ ಬದಲಿಸಬಹುದಿತ್ತು. ಕಾರಣ ಸರಳ: ಹಿಡಿ ತೀರಾ ಅಗಲವಾದರೆ ಬೆರಳು ಸುತ್ತೋದಿಲ್ಲ, ತೀರಾ ಕಿರಿದಾದರೆ ಹಿಂಡೋಕೆ ಜಾಗವೇ ಇಲ್ಲ. ಗ್ರಿಪ್ಪರ್ ಕೊಳ್ಳುವಾಗ ನಾವು ಕೆಜಿ ಕೇಳ್ತೀವಿ, ಈ ಅಂತರ ಕೇಳೋದೇ ಇಲ್ಲ. ಸಣ್ಣ ಕೈಯವರು ಮೊದಲು ನೋಡಬೇಕಾದ್ದು ಅದನ್ನೇ.

ಪೈಪೋಟಿಗೆ ಹಿಂಡೋರ ಲೋಕವೇ ಬೇರೆ. ಅಮೆರಿಕದ ಐರನ್‌ಮೈಂಡ್ ಕಂಪನಿಯ ಉಕ್ಕಿನ ಗ್ರಿಪ್ಪರುಗಳಲ್ಲಿ 1ನೇ ನಂಬರಿಗೆ 140 ಪೌಂಡು, 3ಕ್ಕೆ 280, 4ಕ್ಕೆ 365. ಮೂರನೆಯದನ್ನು ಪೂರ್ತಿ ಮುಚ್ಚಿದವರಿಗೆ ಕಂಪನಿ ಸರ್ಟಿಫಿಕೇಟ್ ಕೊಡೋದು 1991ರಲ್ಲಿ ಶುರುವಾಯಿತು. ಮೊದಲನೆಯವನು ರಿಚರ್ಡ್ ಸೋರಿನ್. ನಾಲ್ಕನೆಯದನ್ನು ಜೋ ಕಿನ್ನಿ ಮುಚ್ಚಿದ್ದು 1998ರಲ್ಲಿ. ಆದರೆ ಈ ಪೌಂಡುಗಳನ್ನು ಆಸ್ಪತ್ರೆಯ ಡೈನಮೊಮೀಟರಿನ ಅಂಕಿ ಜೊತೆ ಹೋಲಿಸೋ ಹಾಗಿಲ್ಲ. ಗ್ರಿಪ್ಪರಿನ ಕಾಲಿನ ತುದಿಯಲ್ಲಿ ಒತ್ತಿದರೆ ಹಗುರ, ಸ್ಪ್ರಿಂಗಿನ ಹತ್ತಿರ ಒತ್ತಿದರೆ ಭಾರ. ಅಳೆದ ಜಾಗ ಬದಲಾದರೆ ಅಂಕಿಯೂ ಬದಲು. ಒಂದು ಕಂಪನಿಯ 60, ಇನ್ನೊಂದರ 60 ಆಗಬೇಕಿಲ್ಲ.

ಊತ ಇಳಿದ ಮೇಲೆ ಬೇರೆ ಅಂಗಡಿಗೆ ಹೋಗಿ, ತಿರುಪು ತಿರುಗಿಸಿ 5ರಿಂದ 60ರವರೆಗೆ ಬಿಗಿ ಮಾಡಬಹುದಾದ ಪ್ಲಾಸ್ಟಿಕ್ ಗ್ರಿಪ್ಪರ್ ತಂದೆ. ಕಬ್ಬಿಣದ್ದಲ್ಲ, ಗತ್ತಿಲ್ಲ, ಹಿಂಡಿದರೆ ಕಿರ್ ಕಿರ್ ಅನ್ನುತ್ತೆ. ಸದ್ಯ 5ರಲ್ಲೇ ಇದೆ. ಸೋಮವಾರ ಫಿಸಿಯೋಥೆರಪಿಸ್ಟ್ ಮತ್ತೆ ಅಳೀತಾರೆ.